ಹಿಂದಕ್ಕೆ ನಾಲ್ಕು, ಮುಂದಕ್ಕೆ ಒಂದು

ಗೇರು ಮಿಸ್ತ್ರಿ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಮೂವತ್ತೆಂಟು ವರ್ಷ ಕಾರ್ಖಾನೆಯಲ್ಲಿ ಕಬ್ಬಿಣದ ಚಕ್ರಗಳಿಗೆ ಹಲ್ಲು ಕೊರೆದವನು. ಅವನ ಸ್ವಂತ ಬಾಯಲ್ಲಿ ಆರು ಹಲ್ಲು ಉದುರಿದ್ದವು. ಅದರ ಕಡೆ ನೋಡೋಕೆ ಪುರುಸೊತ್ತಿರಲಿಲ್ಲ. ರಿಟೈರಾದ ಮೇಲೆ, ಇಡೀ ದಿನ ಮನೆಯಲ್ಲಿ ಕೂತರೆ ಹೆಂಡತಿಗೆ ತೊಂದರೆ ಅಂತ ಯೋಚಿಸಿ ಕಾರು ಕಟ್ಟಲು ಹೊರಟ. ಹೆಂಡತಿಯ ಮೇಲೆ ಅಷ್ಟು ಕನಿಕರ.

ಕಾರು ಅಂದರೆ ಕಾರಲ್ಲ. ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬಂದ ಪೈಪು, ತಗಡು, ನಾಲ್ಕು ಗಾಲಿ, ಎರಡು ಸೀಟು. ಬಾಗಿಲಿಲ್ಲ, ಮೇಲೆ ಹೊದಿಕೆಯೂ ಇಲ್ಲ. ಎಂಜಿನ್ ನಾವೇ ಹುಡುಕಿಕೊಳ್ಳಬೇಕಂತೆ. ಎಲ್ಲೋ ಬಿದ್ದು ಜಖಂ ಆದ ಮೋಟಾರ್ ಬೈಕಿನ ಎಂಜಿನ್ ಬಿಚ್ಚಿಕೊಂಡು ಬಂದು ಸೀಟಿನ ಹಿಂದೆ ಕೂರಿಸಿದ. ಬೈಕಿನದು ಹಗುರ, ಓಟ ಜೋರು ಅಂತ ಅವನ ವಾದ. ಎಲ್ಲ ಸರಿ, ಆದರೆ ಬೈಕಿಗೆ ರಿವರ್ಸ್ ಗೇರು ಇರಲ್ಲ. ಬೈಕನ್ನಾದರೆ ಕಾಲೂರಿ ಹಿಂದೆ ತಳ್ಳಬಹುದು. ಕಾರನ್ನು?

ಅದಕ್ಕೆ ಹೆಂಡತಿ ಇದ್ದಳಲ್ಲ.

ಮನೆ ಪಕ್ಕದ ಶೆಡ್ಡು ಕಾರಿಗಿಂತ ಎರಡು ಗೇಣು ಉದ್ದ. ಕಾರು ಮೂತಿ ಮುಂದು ಮಾಡಿ ಒಳಗೆ ಹೋಗುತ್ತಿತ್ತು. ಹೊರಗೆ ಬರಬೇಕಾದರೆ ಅವಳು ಗೋಡೆಗೂ ಬಾನೆಟ್ಟಿಗೂ ನಡುವೆ ತೂರಿಕೊಂಡು, ಬೆನ್ನು ಗೋಡೆಗೆ ಕೊಟ್ಟು, ಎರಡೂ ಅಂಗೈ ಇಟ್ಟು ತಳ್ಳಬೇಕು. ಮಿಸ್ತ್ರಿ ಮಹಾರಾಜನ ಹಾಗೆ ಒಳಗೆ ಕೂತು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ ಅನ್ನುತ್ತಿದ್ದ. ನೀವು ತಳ್ಳಿ, ನಾನು ಕೂರ್ತೀನಿ ಅಂತ ಒಮ್ಮೆ ಕೇಳಿದಳು. ಸ್ಟೀರಿಂಗ್ ಹಿಡಿಯೋಕೆ ಅನುಭವ ಬೇಕು ಅಂದ. ತಳ್ಳೋಕೆ ಬೇಡವಂತೆ.

ಹೀಗೆ ಪ್ರತಿ ಭಾನುವಾರ. ತಳ್ಳಿ ಮುಗಿದ ಮೇಲೆ ಅವಳೂ ಪಕ್ಕದ ಸೀಟಲ್ಲಿ ಕೂತು ಒಂದು ಸುತ್ತು ಹೋಗಿ ಬರುತ್ತಿದ್ದಳು. ಕೂದಲೆಲ್ಲ ಕೆದರಿ, ಕಣ್ಣಲ್ಲಿ ಧೂಳು ತುಂಬಿ, ಎಂಜಿನ್ ಸದ್ದಿಗೆ ಕಿವಿ ಕಿವುಡಾಗಿ ಮನೆ ಸೇರುತ್ತಿದ್ದಳು. ಖುಷಿ ಆಗ್ತಿತ್ತು ಅಂತ ಅವಳು ಯಾವತ್ತೂ ಹೇಳಲಿಲ್ಲ. ಹೇಳಿದ್ದರೆ ತಲೆ ಮೇಲೆ ಹತ್ತಿ ಕೂರುತ್ತಿದ್ದ.

ಮೂರನೇ ವರ್ಷ ಅವಳ ಮಂಡಿ ಕೈಕೊಟ್ಟಿತು. ಡಾಕ್ಟರು ಎಕ್ಸ್‌ರೇ ನೋಡಿ, ಭಾರ ಎತ್ತುತ್ತೀರಾ ಅಂತ ಕೇಳಿದರು. ಇಲ್ಲ, ಕಾರು ತಳ್ಳುತ್ತೀನಿ ಅಂದಳು. ಅವರು ತಮಾಷೆ ಅಂತ ನಕ್ಕರು. ಪಕ್ಕದಲ್ಲಿ ಕೂತಿದ್ದ ಮಿಸ್ತ್ರಿ ನಗಲಿಲ್ಲ.

ಮುಂದಿನ ವಾರ ಗುಜರಿಯಿಂದ ಹಳೇ ಕಾರಿನ ಗೇರ್‌ಬಾಕ್ಸ್ ತಂದ. ಆಗ ತಾನೇ ಹುಟ್ಟಿದ ಮಗುವನ್ನು ತರುವ ಹಾಗೆ ಹಳೇ ಬೆಡ್‌ಶೀಟಲ್ಲಿ ಸುತ್ತಿದ್ದ. ಅವಳ ಬೆಡ್‌ಶೀಟು.

"ಇದರಲ್ಲಿ ರಿವರ್ಸ್ ಇದೆ. ಇನ್ನು ನೀನು ತಳ್ಳಬೇಕಾಗಿಲ್ಲ."

ಮದುವೆಯಾಗಿ ಮೂವತ್ತಾರು ವರ್ಷಕ್ಕೆ ತಂದುಕೊಟ್ಟ ಒಡವೆ ಅದು. ನೆಲದ ಮೇಲೆ ಎಣ್ಣೆ ಸೋರಿಸುತ್ತಿತ್ತು.

ಬೈಕಿನ ಎಂಜಿನ್ನಿಗೂ ಕಾರಿನ ಗೇರ್‌ಬಾಕ್ಸಿಗೂ ಜಾತಕ ಕೂಡಿಬರಲಿಲ್ಲ. ಇದರ ತೂತು ಒಂದು ಕಡೆ, ಅದರದು ಇನ್ನೊಂದು ಕಡೆ. ನಡುವೆ ದಪ್ಪ ತಗಡು ಕೊರೆದು ಎರಡನ್ನೂ ಬಿಗಿದ. ಬೈಕಿನ ಚೈನು ಹಾಕಿ ನೋಡಿದ, ಎರಡು ಸಲ ಹರಿಯಿತು. ಚೈನೇ ಬೇಡ, ಹಲ್ಲಿನ ಚಕ್ರ ಹಾಕ್ತೀನಿ ಅಂದ. ಎಂಜಿನ್ನಿಗೊಂದು, ಗೇರ್‌ಬಾಕ್ಸಿಗೊಂದು, ಎರಡೂ ಕಚ್ಚಿಕೊಂಡು ತಿರುಗುವ ಹಾಗೆ ಕೊರೆದ. ಐದು ತಿಂಗಳು ಹಿಡಿಯಿತು. ಊಟಕ್ಕೆ ಕರೆದರೆ ಬಂದೆ ಅನ್ನುತ್ತಿದ್ದ. ಅನ್ನ ತಣ್ಣಗಾಗುತ್ತಿತ್ತು.

ಪರೀಕ್ಷೆಯ ದಿನ ಅವಳ ತಮ್ಮ ಬಂದಿದ್ದ. ಟ್ಯಾಕ್ಸಿ ಓಡಿಸುವವನು, ಭಾವನ ಕಾರು ಅಂದರೆ ಮೂಗು ಮುರಿಯುವವನು. ಮಿಸ್ತ್ರಿ ಸೀಟಲ್ಲಿ ಕೂತು, ಅವಳನ್ನು ಶೆಡ್ಡಿನ ಬಾಗಿಲ ಪಕ್ಕಕ್ಕೆ ನಿಲ್ಲಿಸಿ, ರಿವರ್ಸ್ ಹಾಕಿದ. ಕಾರು ಮುಂದಕ್ಕೆ ಹೋಗಿ ಗೋಡೆಗೆ ಗುದ್ದಿತು. ಗಾರೆ ಉದುರಿತು. ಗಾಬರಿಯಲ್ಲಿ ಮೊದಲನೇ ಗೇರು ಹಾಕಿದ. ಹಿಂದಕ್ಕೆ ಬಂತು. ಎರಡನೆಯದೂ ಹಿಂದಕ್ಕೆ. ಹಿಂದಕ್ಕೆ ನಾಲ್ಕು ಗೇರು, ಮುಂದಕ್ಕೆ ಒಂದು.

"ಭಾವ, ಸೀಟು ತಿರುಗಿಸಿ ಹಾಕಿಬಿಡಿ," ಅಂದ ತಮ್ಮ. "ಊರಲ್ಲೆಲ್ಲ ಜೋರಾಗಿ ಓಡೋದು ಇದೇ."

ಜನ್ಮವೆಲ್ಲ ಹಲ್ಲು ಕೊರೆದವನು ಸ್ಟೂಲಿನ ಮೇಲೆ ತಲೆ ಹಿಡಿದುಕೊಂಡು ಕೂತ. ಎರಡು ಚಕ್ರ ಕಚ್ಚಿಕೊಂಡರೆ ಒಂದು ಹೀಗೆ ತಿರುಗುತ್ತೆ, ಇನ್ನೊಂದು ಹಾಗೆ ತಿರುಗುತ್ತೆ. ಮದುವೆಯಾದ ಹೊಸದರಲ್ಲಿ ಅವಳಿಗೆ ಇದನ್ನು ಹೇಳಿಕೊಟ್ಟವನೇ ಅವನು. ಅವಳು ಅದನ್ನೇ ನೆನಪಿಸಿದಳು.

"ನಮ್ಮಿಬ್ಬರ ಹಾಗೆ," ಅಂತಲೂ ಸೇರಿಸಿದಳು.

ಅವನು ತಲೆ ಎತ್ತಿದ. "ಹಾಗಾದ್ರೆ ನಡುವೆ ಇನ್ನೊಂದು ಇಡಬೇಕು," ಅಂದ.

ಮೂರನೇ ಚಕ್ರಕ್ಕೆ ಇನ್ನೊಂದು ತಿಂಗಳು. ಕೂರಿಸಿದ ದಿನ ಅವಳನ್ನು ಕರೆದು, ಬೆರಳಿಂದ ತಿರುಗಿಸು ಅಂದ. ತಿರುಗಿಸಿದಳು. ನಡುವಿನದು ಆ ಕಡೆ ಹೋಯಿತು. ಮೊದಲನೆಯದೂ ಕೊನೆಯದೂ ಒಂದೇ ಕಡೆ ಹೋದವು. ಗೊತ್ತಾಯ್ತಾ ಅಂದ. ಗೊತ್ತಾಯ್ತು ಅಂದಳು. ಮುಚ್ಚಳ ಹಾಕಿ, ಹನ್ನೆರಡು ಬೋಲ್ಟಿನಲ್ಲಿ ಹನ್ನೊಂದು ಬಿಗಿದು, ಸ್ವಲ್ಪ ನೀರು ಕೊಡು ಅಂದ.

ನೀರು ತರುವಷ್ಟರಲ್ಲಿ ಮುಗಿದಿತ್ತು. ಕಾರಿಗೆ ನಾಲ್ಕು ವರ್ಷ ತಗೊಂಡವನು ಅವಳಿಗೆ ಎರಡು ನಿಮಿಷ ಕಾಯಲಿಲ್ಲ.

ಸಾವಿನ ಮನೆಗೆ ಬಂದವರೆಲ್ಲ ಎಂಥ ತಲೆ ಅವನದು ಅಂದರು. ಹೋದ ತಿಂಗಳವರೆಗೂ ತಲೆ ಕೆಟ್ಟಿದೆ ಅನ್ನುತ್ತಿದ್ದವರೇ. ಒಂದು ಆಸೆಗೆ ಒಯ್ದಿದ್ದ ಆಸ್ಪತ್ರೆಯಲ್ಲಿ ಅವನ ಬಟ್ಟೆ ಗಂಟು ಕಟ್ಟಿ ಕೊಟ್ಟಿದ್ದರು. ಅಂಗಿಯ ಜೇಬಲ್ಲಿ ಹನ್ನೆರಡನೇ ಬೋಲ್ಟಿತ್ತು. ಅವಳೇ ಹೋಗಿ ಬಿಗಿದಳು. ಶೆಡ್ಡಿನ ಬಾಗಿಲು ಹಾಕಿದಳು.

ಆರು ತಿಂಗಳಾದ ಮೇಲೆ ತಮ್ಮ ಬಂದ. ಇಂಥ ಗಾಡಿಗಳ ಹುಚ್ಚಿನವನೊಬ್ಬ ಕೊಳ್ಳುತ್ತಾನೆ, ಬೀದಿ ತುದಿಯಲ್ಲಿ ಲಾರಿ ನಿಂತಿದೆ ಅಂದ. ಹೊರಗೆ ತಳ್ಳೋಕೆ ಇಬ್ಬರು ಹಮಾಲಿಗಳನ್ನೂ ಕರೆತಂದಿದ್ದ. ತಗೊಂಡು ಹೋಗು ಅಂದಳು. ಆದರೆ ಯಾರೂ ತಳ್ಳಕೂಡದು ಅಂದಳು. ಪೆಟ್ರೋಲು ಹಾಕಿಸಿದಳು. ಬ್ಯಾಟರಿ ಇಳಿದಿತ್ತು, ತಮ್ಮನ ಟ್ಯಾಕ್ಸಿಯಿಂದ ವೈರು ಎಳೆಸಿ ಎಂಜಿನ್ ಸ್ಟಾರ್ಟ್ ಮಾಡಿಸಿದಳು. ಶೆಡ್ಡು ತುಂಬ ಅದೇ ಸದ್ದು. ಆಮೇಲೆ ಗೋಡೆಗೂ ಬಾನೆಟ್ಟಿಗೂ ನಡುವೆ ತೂರಿಕೊಂಡು, ಗಾರೆ ಉದುರಿದ ಜಾಗಕ್ಕೆ ಬೆನ್ನು ಕೊಟ್ಟು ನಿಂತಳು. ಎರಡೂ ಅಂಗೈ ಬಾನೆಟ್ಟಿನ ಮೇಲೆ.

ಸ್ಟೀರಿಂಗ್ ಮುಂದೆ ಕೂತಿದ್ದ ತಮ್ಮ ಹೌಹಾರಿದ. ಭಾವ ಸರಿ ಮಾಡಿದ್ದನ್ನು ಯಾರೂ ಓಡಿಸಿ ನೋಡಿಲ್ಲ, ಹೋದ ಸಲದ ಹಾಗೆ ಮುಂದಕ್ಕೆ ನುಗ್ಗಿದರೆ ಏನು ಗತಿ ಅಂದ. ಕಾಲಿಗೆ ಬೀಳ್ತೀನಿ, ಈಚೆ ಬಾ ಅಕ್ಕ ಅಂದ.

"ನಾನು ಬೆರಳಲ್ಲಿ ತಿರುಗಿಸಿ ನೋಡಿದ್ದೀನಿ. ರಿವರ್ಸ್ ಹಾಕು."

"ಅಕ್ಕ..."

"ಹಾಕೋ."

ಹಾಕಿದ. ಗೇರ್‌ಬಾಕ್ಸ್ ಒಮ್ಮೆ ಕರ್ ಅಂತು. ತಮ್ಮ ಕಣ್ಣು ಮುಚ್ಚಿಕೊಂಡೇ ಕ್ಲಚ್ಚು ಬಿಟ್ಟ. ಬಾನೆಟ್ಟು ಅಂಗೈಯಿಂದ ಬಿಡಿಸಿಕೊಂಡಿತು. ಒಂದು ಗೇಣು, ಒಂದು ಮೊಳ, ಒಂದು ಮಾರು. ಕಾರು ತಾನಾಗಿಯೇ ಹಿಂದಕ್ಕೆ ಸರಿದು ಬಿಸಿಲಿಗೆ ಹೋಯಿತು.

ಮಂಡಿ ಒಂಚೂರೂ ನೋಯಲಿಲ್ಲ. ಚಾಚಿದ ಕೈ ಹಾಗೇ ಇಟ್ಟುಕೊಂಡು ಅವಳು ಗೋಡೆಗೆ ಒರಗಿಯೇ ನಿಂತಿದ್ದಳು. ಶೆಡ್ಡು ಬಹಳ ದೊಡ್ಡದಾಗಿತ್ತು.