ನಾನೇ ಕೂರಿಸಿದ ಎಸಿ

ಮಣಿಪಾಲದ ಮಕ್ಕಳ ಡಾಕ್ಟರು ಸ್ಟೆತಸ್ಕೋಪನ್ನು ಮಗುವಿನ ಬೆನ್ನಿಗೆ ಇಟ್ಟು, ತೆಗೆದು, ಮತ್ತೆ ಇಟ್ಟರು. ಮಗುವಿಗೆ ಆಗ ಮೂರು ತಿಂಗಳು. ಹೆರಿಗೆಗೆಂದು ಕಾರ್ಕಳದ ಗಂಡನ ಮನೆಯಿಂದ ಕಾಪುವಿಗೆ ಬಂದಿದ್ದ ನನ್ನ ಮಗಳು ಇನ್ನೂ ನಮ್ಮಲ್ಲೇ ಇದ್ದಳು. ಹತ್ತು ದಿನಗಳಿಂದ ಮಗುವಿಗೆ ಕೆಮ್ಮು. ಉಸಿರು ಬಿಟ್ಟಾಗ ಎದೆಯೊಳಗೆ ಸಣ್ಣಗೆ ಸಿಳ್ಳೆಯಂಥ ಸದ್ದು.

"ಮಗು ಮಲಗುವ ಕೋಣೆಯಲ್ಲಿ ಎಸಿ ಉಂಟಾ?" ಡಾಕ್ಟರು ಕೇಳಿದರು.

"ಉಂಟು" ಎಂದಳು ಮಗಳು.

"ಕ್ಲೀನ್ ಮಾಡಿ ಎಷ್ಟು ಸಮಯ ಆಯ್ತು?"

ಮಗಳು ನನ್ನ ಕಡೆ ತಿರುಗಿದಳು. ನಾನು ತಡವರಿಸದೆ ಹೇಳಿದೆ: "ಹೋದ ತಿಂಗಳು ನಾನೇ ಪೂರ್ತಿ ಬಿಚ್ಚಿ ತೊಳೆದಿದ್ದೇನೆ. ಮಸ್ಕತ್‌ನಲ್ಲಿ ಇಪ್ಪತ್ತಾರು ವರ್ಷ ಅದೇ ಕೆಲಸ ಮಾಡಿದವ ನಾನು."

"ಹಾಗಾದರೆ ಬೇರೆ ಕಾರಣ ಹುಡುಕಬೇಕು" ಎಂದು ಡಾಕ್ಟರು ಔಷಧಿ ಬರೆದರು. ಎರಡು ದಿನದಲ್ಲಿ ಕಡಿಮೆಯಾಗದಿದ್ದರೆ ಎಕ್ಸ್‌ರೇ ತೆಗೆಯಬೇಕು, ರಕ್ತ ಪರೀಕ್ಷೆ ಮಾಡಬೇಕು ಎಂದರು.

ನಾನು ಹೇಳಿದ್ದು ಸುಳ್ಳು. ಆ ಎಸಿಯನ್ನು ನಾನು ಮುಟ್ಟಿ ವರ್ಷ ದಾಟಿತ್ತು. ನನ್ನ ಬಲಗೈ ಭುಜದಿಂದ ಮೇಲೆ ಏಳುತ್ತಿರಲಿಲ್ಲ. ಅಂಗಿ ಹಾಕಿಕೊಳ್ಳುವಾಗ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ, ಯಾರಿಗೂ ಹೇಳಿರಲಿಲ್ಲ. ಬೇರೆ ಮೆಕ್ಯಾನಿಕ್ಕನ್ನು ಕರೆಸಿದರೆ ಊರವರು ಏನಂದಾರು ಎಂಬ ಬಿಗುಮಾನ ಬೇರೆ.

ಅದಕ್ಕಿಂತ ದೊಡ್ಡ ತಪ್ಪೂ ಒಂದಿತ್ತು. ಎಸಿಯ ನೀರು ಹೊರಗೆ ಹೋಗುವ ಪೈಪಿನ ಬಾಯಿ ನೇರ ಹೆಂಡತಿಯ ಮಲ್ಲಿಗೆ ಗಿಡದ ಮೇಲೆ ಇತ್ತು. ಬುಡದಲ್ಲಿ ನೀರು ನಿಂತು ಬೇರು ಕೊಳೆಯುತ್ತದೆಂದು ಅವಳು ಹೇಳಿದ್ದಳು. ಸದ್ಯಕ್ಕೆ ಇರಲಿ ಎಂದು ಪೈಪನ್ನು ಕಿಟಕಿಯ ಸರಳಿನ ಮೇಲಿಂದ ಎತ್ತಿ ಆಚೆಗೆ ಇಳಿಬಿಟ್ಟಿದ್ದೆ. ನೀರು ಮೇಲಕ್ಕೆ ಹರಿಯುವುದಿಲ್ಲ, ಎಸಿಯೊಳಗೇ ನಿಲ್ಲುತ್ತದೆ. ಕೆಲಸಕ್ಕೆ ಹೊಸದಾಗಿ ಸೇರಿದವರಿಗೆ ಮೊದಲ ದಿನ ನಾನು ಕಲಿಸುತ್ತಿದ್ದ ಪಾಠವೇ ಅದು.

ಹಿಂದಿರುಗುವಾಗ ಮಗಳೇ ಕಾರು ಓಡಿಸಿದಳು. ಮಗುವನ್ನು ಎತ್ತಿಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದೆ. ಮಳೆ ಜೋರಾಗಿದ್ದರೂ ಆ ಸಿಳ್ಳೆ ನನಗೆ ಕೇಳಿಸುತ್ತಿತ್ತು. ಕೋಣೆಯಲ್ಲಿ ಒದ್ದೆ ಬಟ್ಟೆಯ ವಾಸನೆ ಬರುತ್ತದೆ ಎಂದು ಮಗಳು ಮೂರು ಸಲ ಹೇಳಿದ್ದಳು. "ಮಳೆಗಾಲ ಅಲ್ವಾ, ಇಡೀ ಊರಿಗೇ ಆ ವಾಸನೆ" ಎಂದು ನಾನು ಬಾಯಿ ಮುಚ್ಚಿಸಿದ್ದೆ. ಉಡುಪಿ ದಾಟಿತು, ಕಟಪಾಡಿ ದಾಟಿತು.

ಮನೆಗೆ ಬಂದವಳೇ ಮಗುವಿನ ಬಟ್ಟೆ ಮಡಚತೊಡಗಿದಳು. "ನಾನು ಕಾರ್ಕಳಕ್ಕೆ ಹೋಗ್ತೇನೆ" ಎಂದು ತಾಯಿಗೆ ಹೇಳಿದಳು, ನನಗಲ್ಲ. ಸಂಜೆ ಅಳಿಯ ಬಂದು ಇಬ್ಬರನ್ನೂ ಕರೆದುಕೊಂಡು ಹೋದರು. ಹೊರಡುವಾಗ ಕೂಡ ಮಗು ಕೆಮ್ಮುತ್ತಿತ್ತು.

ಮರುದಿನ ಬೆಳಿಗ್ಗೆ ಮೈನ್ ಸ್ವಿಚ್ ಆರಿಸಿ, ಮೇಜು ಎಳೆದು ಹತ್ತಿದೆ. ಎಡಗೈಯಲ್ಲೇ ಹೇಗೋ ಮುಂದಿನ ಮುಚ್ಚಳ ತೆಗೆದೆ. ಸ್ಕ್ರೂ ಬಿಚ್ಚಲು ಎರಡೂ ಕೈ ಬೇಕು. ಬಲಗೈಯನ್ನು ಎಡಗೈಯಿಂದ ಎತ್ತಿ ಹಿಡಿಯಲು ಹೋದಾಗ ಮೇಜು ಅಲುಗಾಡಿತು. ಬಾಗಿಲಲ್ಲಿ ನಿಂತು ಹೆಂಡತಿ ನೋಡುತ್ತಿದ್ದಳು.

"ಇಳಿಯಿರಿ" ಎಂದಳು.

ಇಳಿದೆ.

"ಕೈಗೆ ಎಂತ ಆಗಿದೆ?"

"ಮೇಲೆ ಬರುವುದಿಲ್ಲ."

"ಎಷ್ಟು ದಿನದಿಂದ?"

"ಒಂದು ವರ್ಷ ಆಯ್ತು."

ಅವಳು ಮಾಸ್ಕ್ ಹಾಕಿ, ತಲೆಗೆ ಬೈರಾಸು ಸುತ್ತಿ ಮೇಜು ಹತ್ತಿದಳು. ನಾನು ಕೆಳಗಿನಿಂದ ಮೇಜನ್ನು ಒತ್ತಿ ಹಿಡಿದು ಒಂದೊಂದೇ ಸ್ಕ್ರೂ ಎಲ್ಲಿದೆ ಎಂದು ಹೇಳಿದೆ. ಫಿಲ್ಟರಿನಲ್ಲಿ ಬೂದು ಧೂಳು ಹೆಪ್ಪುಗಟ್ಟಿತ್ತು. ಒಳಗೆ ಟಾರ್ಚ್ ಬಿಡಲು ಹೇಳಿದೆ. ಗಾಳಿಯನ್ನು ಕೋಣೆಗೆ ತಳ್ಳುವ ಬ್ಲೋವರಿನ ಎಸಳು ಎಸಳಿಗೂ ಕಪ್ಪು ಬೂಷ್ಟು. ಕೆಳಗಿನ ತಟ್ಟೆಯಲ್ಲಿ ಲೋಳೆ ಲೋಳೆಯಾಗಿ ನಿಂತ ನೀರು.

"ಮಗು ಕುಡಿದದ್ದು ಇದರ ಗಾಳಿಯನ್ನಾ?" ಅವಳು ಕೇಳಿದಳು.

ನಾನು ಎಡಗೈ ಚಾಚಿ ಫಿಲ್ಟರನ್ನು ಕೆಳಗಿಳಿಸಿಕೊಂಡೆ.

ಮಧ್ಯಾಹ್ನದವರೆಗೂ ಕೆಲಸ ನಡೆಯಿತು. ವಯರುಗಳಿಗೆ ಪ್ಲಾಸ್ಟಿಕ್ ಕಟ್ಟಿಸಿ, ಬ್ಲೋವರನ್ನು ಕೆಳಗಿಳಿಸಿದೆವು. ಅಂಗಳದಲ್ಲಿ ಕುಳಿತು ನಾನು ಅದನ್ನು ಬ್ರಶ್ಶಿನಿಂದ ಉಜ್ಜಿದೆ. ನೀರು ಮಸಿಯಂತೆ ಹರಿಯಿತು. ಅವಳು ಮೇಲೆ ಗಾಳಿ ತಂಪಾಗಿಸುವ ಕಾಯಿಲ್ ತೊಳೆದಳು, ತಟ್ಟೆ ಬಿಚ್ಚಿ ಕೆಳಗೆ ಕೊಟ್ಟಳು. ಪೈಪನ್ನು ಸರಳಿನಿಂದ ಬಿಡಿಸಿ ಮೊದಲಿನಂತೆ ಇಳಿಜಾರಾಗಿ ಬಿಟ್ಟೆ. ಮಲ್ಲಿಗೆ ಗಿಡವನ್ನು ಅವಳೇ ಮಣ್ಣು ಸಮೇತ ಕಿತ್ತು ಬಾವಿಕಟ್ಟೆಯ ಬದಿಗೆ ನೆಟ್ಟಳು.

ಕೈ ತೊಳೆಯುವಾಗ ಕೇಳಿದಳು: "ಮಸ್ಕತ್‌ನಲ್ಲಿ ದಿನಾ ಮಾಡ್ತಾ ಇದ್ದದ್ದು ಇದನ್ನಾ?"

"ಹೌದು. ದಿನಕ್ಕೆ ಐದಾರು."

"ಫೋನಿನಲ್ಲಿ ಯಾವಾಗಲೂ ಆರಾಮ ಅಂತ ಹೇಳ್ತಿದ್ರಿ."

ಆ ದಿನ ಮಗಳಿಗೆ ಎರಡು ಸಲ ಫೋನು ಮಾಡಿದೆ. ಎತ್ತಲಿಲ್ಲ. ಎಕ್ಸ್‌ರೇಯ ಮಾತು ತಲೆಯಿಂದ ಹೋಗಲಿಲ್ಲ. ನನ್ನ ಸುಳ್ಳನ್ನು ನಂಬಿ ಡಾಕ್ಟರು ಇಲ್ಲದ ಕಾಯಿಲೆಯನ್ನು ಹುಡುಕುತ್ತಾರೆ, ಅಷ್ಟು ಸಣ್ಣ ಕೈಗೆ ಸೂಜಿ ಚುಚ್ಚುತ್ತಾರೆ. ಮರುದಿನ ಮೊದಲ ಬಸ್ಸಿಗೇ ಕಾರ್ಕಳಕ್ಕೆ ಹೊರಟೆ.

ಮಗಳು ಜಗಲಿಯಲ್ಲಿ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದಳು. ನಾನು ಕುಳಿತುಕೊಳ್ಳದೆಯೇ ಹೇಳಿದೆ: "ನಾನು ಡಾಕ್ಟರಿಗೆ ಸುಳ್ಳು ಹೇಳಿದೆ. ಎಸಿ ಬಿಚ್ಚಿರಲಿಲ್ಲ. ಒಳಗೆಲ್ಲ ಬೂಷ್ಟು ಇತ್ತು. ಫೋನು ಮಾಡಿ ಹೇಳುವ, ನಾನೇ ಮಾತಾಡ್ತೇನೆ."

"ಗೊತ್ತುಂಟು" ಎಂದಳು. "ನಿನ್ನೆಯೇ ಫೋನು ಮಾಡಿ ಹೇಳಿದೆ."

"ಎಂತ ಹೇಳಿದೆ?"

"ಅಪ್ಪನಿಗೆ ಮರೆತುಹೋಗಿತ್ತು ಅಂತ."

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ನನ್ನ ಮರ್ಯಾದೆ ಉಳಿಸಲು ಅವಳೂ ಒಂದು ಸುಳ್ಳು ಹೇಳಬೇಕಾಯಿತಲ್ಲ ಎಂದು ಕಣ್ಣೆತ್ತಲಾಗಲಿಲ್ಲ. ಮಗುವನ್ನು ಕೊಡು ಎನ್ನುವ ಧೈರ್ಯವೂ ಬರಲಿಲ್ಲ. ಅವಳೇ, "ಒಮ್ಮೆ ಹಿಡ್ಕೊಳ್ಳಿ, ಚಾ ಮಾಡ್ತೇನೆ" ಎಂದು ನನ್ನ ಎಡಗೈಗೆ ಕೊಟ್ಟಳು. ಅವಳಿಗೆ ತಾಯಿ ಎಲ್ಲ ಹೇಳಿದ್ದಿರಬೇಕು.

ಎಕ್ಸ್‌ರೇ ಬೇಕಾಗಲಿಲ್ಲ. ಎರಡು ವಾರದಲ್ಲಿ ಕೆಮ್ಮು ನಿಂತಿತು. ಔಷಧಿಯಿಂದಲೋ ಕೋಣೆ ಬದಲಾದದ್ದರಿಂದಲೋ, ಹೀಗೇ ಎಂದು ಹೇಳಲಾಗದು ಎಂದರಂತೆ ಡಾಕ್ಟರು. ಆ ಅನುಮಾನ ನನ್ನೊಳಗೆ ಹಾಗೆಯೇ ಉಳಿದಿದೆ.

ಭುಜಕ್ಕೆ ಈಗ ಉಡುಪಿಯಲ್ಲಿ ವ್ಯಾಯಾಮ ಹೇಳಿಕೊಟ್ಟಿದ್ದಾರೆ. ಎಸಿಯ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆ ಹೆಂಡತಿಯೇ ತೊಳೆಯುತ್ತಾಳೆ. ಆರಿಸುವ ಮೊದಲು ಅರ್ಧ ಗಂಟೆ ಬರೀ ಫ್ಯಾನಿನಲ್ಲಿ ಓಡಿಸಿ ಒಳಗಿನ ತೇವ ಒಣಗಿಸುತ್ತೇವೆ.

ಮಗಳು ಆ ಮಳೆಗಾಲ ಪೂರ್ತಿ ಬರಲಿಲ್ಲ. ದೀಪಾವಳಿಗೆ ಬಂದಾಗ ಮಗುವನ್ನು ತಾಯಿಯ ಕೈಗೆ ಕೊಟ್ಟು, ಒಬ್ಬಳೇ ಆ ಕೋಣೆಗೆ ಹೋಗಿ ಎಸಿ ಹಾಕಿದಳು. ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ನಾನು ಹೊರಗೆ ಗೋಡೆಗೆ ಒರಗಿ ಕಾದೆ. ಐದು ನಿಮಿಷವಾದ ಮೇಲೆ, "ಅಮ್ಮ, ಮಗುವಿನ ಚಾಪೆ ತಾ" ಎಂಬ ದನಿ ಕೇಳಿಸಿತು.