ಹಪ್ಪಳ ಲಟ್ಟಿಸುವಾಗ ಬಂದ ಧಾಟಿ

ಹರಿಹರದ ದೊಡ್ಡಮ್ಮನ ಪಡಸಾಲೆಯಲ್ಲಿ ಆ ದಿನ ಅವಳ ಮಗಳ ಮದುವೆಗೆ ಹಪ್ಪಳ ಲಟ್ಟಿಸಲು ಕೂತಿದ್ದವರು ಮೂವರು: ದೊಡ್ಡಮ್ಮ, ಅವಳ ಸೋದರತ್ತೆಯಾದ ನಂದಿಗುಡಿ ಅಜ್ಜಿ, ಪಕ್ಕದ ಮನೆಯಲ್ಲಿ ಬಟ್ಟೆ ಹೊಲಿಯುವ ಖಾಲಾ. ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ಬಂದಿದ್ದ ನನಗೆ ಹಪ್ಪಳ ಹರವುವ ಕೆಲಸ. ನಾನು ಲಟ್ಟಿಸಿದರೆ ಹಪ್ಪಳಕ್ಕೆ ಮೂಲೆಗಳು ಬರುತ್ತಿದ್ದವು.

ಆಗ ನಾನು ಸಂಗೀತ ಸಂಯೋಜನೆಯಲ್ಲಿ ಪಿಎಚ್.ಡಿ. ಮಾಡುತ್ತಿದ್ದೆ. ಅದೇನೆಂದು ಕೇಳಿದವರಿಗೆ ಹೇಳಿ ಮುಗಿಸುವಷ್ಟರಲ್ಲಿ ಅವರ ಚಹಾ ಮುಗಿದಿರುತ್ತಿತ್ತು. ಪ್ರಬಂಧದ ಜೊತೆ ನಾನೇ ಕಟ್ಟಿದ ಹೊಸ ರಚನೆಯೊಂದನ್ನು ಒಪ್ಪಿಸಬೇಕು, ಅದನ್ನು ಹಿಂದೆ ಯಾರೂ ಹಾಡಿರಬಾರದು. ತಿಂಗಳುಗಟ್ಟಲೆ ಹಾರ್ಮೋನಿಯಂ ಮುಂದೆ ಕೂತರೂ ಒಲಿಯದ ಧಾಟಿ ಹಿಂದಿನ ವಾರ ಬಟ್ಟೆ ಒಣಹಾಕುವಾಗ ತಾನಾಗಿ ಬಂದಿತ್ತು. ರಚನೆಯ ಉಳಿದ ಭಾಗವನ್ನೆಲ್ಲ ಅದನ್ನೇ ನಂಬಿ ಹೆಣೆದಿದ್ದೆ.

ಹಪ್ಪಳ ಹರವುತ್ತ ಅದನ್ನು ಗುನುಗಿದೆ. ಮಾತಿಲ್ಲ, ಬರೀ ಧಾಟಿ. ಎರಡನೆಯ ಸಲಕ್ಕೆ ದೊಡ್ಡಮ್ಮ ಅದರ ತುದಿ ಹಿಡಿದಳು. ಅಜ್ಜಿ ಲಟ್ಟಣಿಗೆ ನಿಲ್ಲಿಸದೆಯೇ ಮಾತು ಕೂಡಿಸಿದಳು. ತವರಿಂದ ಬರುವ ಅಣ್ಣ, ತುಂಬಿದ ಹೊಳೆ, ಹಸಿರು ಬಳೆ. ಖಾಲಾ ಕೂಡ ದನಿಗೂಡಿಸಿದರು. ನಾನು ಸುಮ್ಮನಾದರೂ ಹಾಡು ನಿಲ್ಲಲಿಲ್ಲ.

ಇದು ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ.

“ಗೊತ್ತಿಲ್ದೆ ಏನು? ಅರಿಶಿಣ ಕುಟ್ಟುವಾಗ ನಮ್ಮವ್ವ ಹೇಳ್ತಿದ್ಲು,” ಅಂದಳು ಅಜ್ಜಿ.

“ಎಲ್ಲೈತೆ? ಈಗ ಇವ್ಳು ಅಂದಿದ್ದು ಕೇಳಿ ನಾನು ಅಂದೆ, ನಾನು ಅಂದಿದ್ದು ಕೇಳಿ ನೀವು ಅಂದ್ರಿ,” ಅಂದಳು ದೊಡ್ಡಮ್ಮ.

“ನಂಗಂತೂ ಇಬ್ರದ್ದೂ ಖರೇ ಅನ್ನಿಸ್ತೈತೆ,” ಅಂದರು ಖಾಲಾ. “ಹಿಟ್ಟು ಒಣಗ್ತೈತೆ, ಮುಂದಿಂದು ಹೇಳ್ರಿ.”

ನಮ್ಮ ಹೆಂಗಸರು ಪದ ಹೇಳುವುದೇ ಹಾಗೆ. ಒಬ್ಬಳು ಎತ್ತಿದರೆ ಉಳಿದವರು ಸಾಲಿನ ಬಾಲ ಹಿಡಿಯುತ್ತಾರೆ. ಮೂರನೆಯ ಸಾಲಿನ ಹೊತ್ತಿಗೆ ಅದು ಎಲ್ಲರಿಗೂ ಹುಟ್ಟಿದಾಗಿನಿಂದ ಗೊತ್ತಿದ್ದ ಪದವಾಗಿರುತ್ತದೆ. ಪರೀಕ್ಷೆ ಮಾಡೋಣವೆಂದು ಆ ಮಾತುಗಳನ್ನೇ ಇನ್ನೊಮ್ಮೆ ಹೇಳಲು ಅಜ್ಜಿಯನ್ನು ಕೇಳಿದೆ. ಅವಳು ಬೇರೆಯೇ ಧಾಟಿಯಲ್ಲಿ ಹೇಳಿದಳು. ಹಾಗಾದರೆ ಧಾಟಿ ನನ್ನದೇ ಎಂದು ಉಸಿರುಬಿಟ್ಟೆ. ಸ್ವಲ್ಪ ಹೊತ್ತಿಗೆ ತೊಟ್ಟಿಲ ಪದವೊಂದನ್ನು ಎತ್ತಿದಳು, ಅದು ನನ್ನ ಧಾಟಿಯಲ್ಲಿತ್ತು. ಚಿಕ್ಕಂದಿನಲ್ಲಿ ಇವರ ತೊಡೆಯ ಮೇಲೆ ಮಲಗಿ ಕೇಳಿದ್ದೇ ನನ್ನ ಬಾಯಿಗೆ ಬಂದಿತ್ತೋ, ನನ್ನ ಬಾಯಿಂದ ಈಗಷ್ಟೇ ಅವರ ಬಾಯಿಗೆ ಹೋಗಿತ್ತೋ?

ಗೈಡಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಅವರು ತಾಳ್ಮೆಯಿಂದ ಕೇಳಿ, “ಹಳೇದಾದ್ರೆ ಹಳೇದು ಅಂತ ಬರೀರಿ, ಹೊಸದಾದ್ರೆ ಹೊಸದು ಅಂತ. ಎರಡೂ ಅಂತ ಬರೆಯೋಕಾಗಲ್ಲ,” ಅಂದರು.

ಹೊಸದು ಎಂದು ಬರೆದೆ. ಬರೆದ ಕೂಡಲೇ ಅದು ಹಳೆಯದು ಅನ್ನಿಸಿತು. ಅಳಿಸಿದೆ. ಅಳಿಸಿದರೆ ನನ್ನದೇ ಅನ್ನಿಸಿತು. ದೊಡ್ಡಮ್ಮ ಫೋನಿನಲ್ಲಿ ದಿನಕ್ಕೊಂದು ಬುದ್ಧಿ ಹೇಳುತ್ತಿದ್ದಳು. ಒಂದು ದಿನ ನಿಂದೇ ಅನ್ನು, ಯಾರು ಕೇಳ್ತಾರೆ ಎಂದರೆ, ಮರುದಿನ ಹಿರಿಯರದ್ದು ಕದಿಯಬ್ಯಾಡವ್ವ ಎನ್ನುತ್ತಿದ್ದಳು.

ಮದುವೆ ದಾವಣಗೆರೆಯಲ್ಲಾಯಿತು. ಮದುಮಕ್ಕಳಿಗೆ ಸುರಿಗೆ ನೀರೆರೆಯುವ ಹೊತ್ತಿಗೆ ಗಂಡಿನ ಕಡೆಯ ಮಾಯಕೊಂಡದ ಮುದುಕಿಯೊಬ್ಬಳು ಪದ ಎತ್ತಿದಳು. ಅದೇ ಧಾಟಿ. ಆಕೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ. ಆದರೆ ಹಪ್ಪಳದ ದಿನದಿಂದೀಚೆಗೆ ಬೀಗರು ಎರಡು ಸಲ ಹರಿಹರಕ್ಕೆ ಬಂದುಹೋಗಿದ್ದರು. ದೊಡ್ಡಮ್ಮ ಅವರ ಮುಂದೆ ಏನೇನು ಹಾಡಿದ್ದಳೋ.

ನಾನು ಬಾಯಿ ಮುಚ್ಚಿ ಕೂತಿದ್ದನ್ನು ಕಂಡು ಆಕೆ ಮೊಣಕೈಯಿಂದ ತಿವಿದಳು. “ಯಾಕವ್ವ, ಬರಲ್ಲೇನು? ನಾಚ್ಕಿ ಬ್ಯಾಡ. ನನ್ ಹಿಂದೆ ಅನ್ನು, ಕಲಿಸ್ತೀನಿ.”

ನಾನು ಆಕೆಯ ಹಿಂದೆ ಅಂದೆ.

ಆಮೇಲೆ ಬೇರೆ ಧಾಟಿ ಕಟ್ಟಿದೆ. ಅದಕ್ಕೆ ಮತ್ತೊಂದು ವರ್ಷ ಹಿಡಿಯಿತು. ಅದನ್ನು ಒಪ್ಪಿಸುವವರೆಗೆ ಹರಿಹರಕ್ಕೆ ಹೋದಾಗಲೆಲ್ಲ ಬಾಯಿ ಬಿಗಿಹಿಡಿದು ಹಪ್ಪಳ ಹರವಿದೆ.