ಭಾನುವಾರ ರೈಲಿಲ್ಲ

ಒರೊಸಿಯಾ ಗಾಸ್ಕೊನ್‌ಗೆ ಕೋಪ ಮೂಗಿನ ತುದಿಯಲ್ಲಿರುತ್ತಿತ್ತು, ಚೂರಿ ಸೊಂಟದಲ್ಲಿ. ಎರಡನ್ನೂ ಹೊರಗೆ ತೆಗೆಯಲು ಅವಳಿಗೆ ಹೆಚ್ಚು ಹೊತ್ತು ಬೇಕಿರಲಿಲ್ಲ. ತೆರುಯೆಲ್ ಸೀಮೆಯ ನಮ್ಮ ವಾಲ್ದೆಸಾರ್ಸದಲ್ಲಿ ಪಾಳುಬಿದ್ದ ರೈಲು ನಿಲ್ದಾಣವೇ ಅವಳ ಮನೆ, ಹೋಟೆಲು, ನಾಯಿಗೂಡು ಎಲ್ಲ. ವಾರವೆಲ್ಲ ಸೈಕಲ್ ಯಾತ್ರಿಗಳಿಗೆ ಆಲೂಗಡ್ಡೆ ಆಮ್ಲೆಟ್ ಮಗುಚುತ್ತ, ತೂತಾದ ಟ್ಯೂಬಿಗೆ ತೇಪೆ ಹಾಕುತ್ತ, ಬೂಟಿನ ಕೆಸರು ಒಳಗೆ ತಂದವರಿಗೆ ಬೈಯುತ್ತ ಇರುತ್ತಿದ್ದಳು. ಚಳಿಗಾಲದ ಭಾನುವಾರ ಬಂತೆಂದರೆ ಮಾಡಿದ ಅಡುಗೆ ಮುಚ್ಚಿಟ್ಟು, ಬಾಗಿಲು ತೆರೆದೇ ಬಿಟ್ಟು, ನಾಯಿಹಿಂಡು ಕಟ್ಟಿಕೊಂಡು ಹಂದಿ ಬೇಟೆಗೆ ಹೊರಡುತ್ತಿದ್ದಳು.

ಕೋವಿ ಹಿಡಿದವರದು ಸುಖದ ಕೆಲಸ. ಕಲ್ಲಿನ ಮೇಲೆ ಕೂತು ಕಾಯುತ್ತಾರೆ. ನಾಯಿಯವಳು ಮುಳ್ಳುಪೊದೆಯೊಳಗೆ ನುಗ್ಗಬೇಕು. ನಾಯಿಗಳು ಹಂದಿಯನ್ನು ಕಚ್ಚಿ ನಿಲ್ಲಿಸಿದ ಮೇಲೆ ಅಲ್ಲಿ ಗುಂಡು ಹಾರಿಸುವಂತಿಲ್ಲ, ನಾಯಿಗೆ ತಗಲುತ್ತದೆ. ಚೂರಿಯೇ ಗತಿ. ಒರೊಸಿಯಾಳ ಎಡತೊಡೆಯಲ್ಲಿ ಕೋರೆಹಲ್ಲು ಸೀಳಿದ ಗುರುತು ಮೊಣಕಾಲಿನವರೆಗೂ ಇತ್ತು. ಅದನ್ನು ನೋಡಿಯೇ ಗಂಡ ವಾಲೆನ್ಸಿಯಾಕ್ಕೆ ಓಡಿಹೋದ ಎಂದು ಊರು ಆಡಿಕೊಳ್ಳುತ್ತಿತ್ತು. "ಹೋದ್ರೆ ಹೋಗ್ಲಿ, ನಾಯಿಗಳಿಗೆ ಒಂದು ಪಾಲು ಜಾಸ್ತಿ ಆಯ್ತು" ಎಂದಿದ್ದಳು ಅವಳು.

ಅಪ್ಪ ಸಾಯುವಾಗ ಮಗ ಲಂಬೆರ್ತೊಗೆ ಕೋವಿ ಕೊಟ್ಟ, ಮಗಳಿಗೆ ನಾಯಿಗಳನ್ನೂ ಶಂಖವನ್ನೂ ಕೊಟ್ಟ. ನಮ್ಮ ಬೇಟೆಯಲ್ಲಿ ಶಂಖಕ್ಕೆ ಒಂದೇ ಅರ್ಥ. ಅದು ಕೂಗಿತೆಂದರೆ ಬೇಟೆ ಮುಗಿಯಿತು. ಎಲ್ಲರೂ ಕೋವಿ ಬಿಚ್ಚಿ ತೋಟಾ ಹೊರಗೆ ತೆಗೆಯಬೇಕು. ನಾಯಿಗಳು ಎಲ್ಲಿದ್ದರೂ ಊದಿದವರ ಕಾಲಬುಡಕ್ಕೆ ಓಡಿಬರಬೇಕು. ಬಾಯಿಮಾತು, ಸಿಳ್ಳೆ ಯಾವುದೂ ನಡೆಯದು, ಶಂಖದಿಂದ ಬಂದರೇ ತೀರ್ಥ. ಬೇಟೆಯ ಮುಖಂಡನಾದ ಲಂಬೆರ್ತೊ ಕೈ ಎತ್ತುವ ಮೊದಲೇ ಅದನ್ನು ಊದಿದರೆ ಮತ್ತೆ ಆ ನಾಯಿಹಿಂಡನ್ನು ಬೇಟೆಗೆ ಕರೆಯುವವರಿಲ್ಲ. ಬೇಟೆಗೆ ಹೋಗದ ನಾಯಿ ಸರಪಳಿಯಲ್ಲಿ ತನ್ನ ಕಾಲನ್ನೇ ಕಡಿದುಕೊಂಡು ಸಾಯುತ್ತದೆ. ಇದು ಒರೊಸಿಯಾಗೆ ಗೊತ್ತಿತ್ತು.

ಜಗಳ ಹುಟ್ಟಿದ್ದು ದೊಡ್ಡ ಸೀಳಿನಿಂದ. ಅಜ್ಜಂದಿರ ಕಾಲದಲ್ಲಿ ಗಣಿಯ ಅದಿರು ತುಂಬಿದ ರೈಲು ನಮ್ಮ ಬೆಟ್ಟ ಇಳಿದು ಕಡಲಿಗೆ ಹೋಗುತ್ತಿತ್ತು. ಸುರಂಗ ದಾಟಿದ ಕೂಡಲೇ ಗುಡ್ಡವನ್ನು ಎರಡಾಗಿ ಕೊಯ್ದು ಮಾಡಿದ ಇಕ್ಕಟ್ಟಾದ ಹಾದಿಯೇ ಆ ಸೀಳು. ಬೆನ್ನಟ್ಟಿದ ಹಂದಿಗಳು ಅಲ್ಲೇ ಇಳಿದು ದಾಟುತ್ತವೆ. ಭಾನುವಾರ ರೈಲು ಓಡುತ್ತಿರಲಿಲ್ಲವಾದ್ದರಿಂದ ಭಾನುವಾರ ಮಾತ್ರ ಸೀಳಿನ ದಂಡೆಗಳ ಮೇಲೆ ಕೋವಿಯವರನ್ನು ಕೂರಿಸುತ್ತಿದ್ದರು. ಆಮೇಲೆ ಗಣಿ ಮುಚ್ಚಿತು. ಹಳಿ ಕಿತ್ತು, ಜಲ್ಲಿ ಹಾಸಿ, ಹಾದಿಯನ್ನು ಸೈಕಲ್ಲಿನವರಿಗೆ ಬಿಟ್ಟರು. ಕಾರಿಲ್ಲ, ಲಾರಿಯಿಲ್ಲ, ಭಾನುವಾರವೇ ಜನ ಹೆಚ್ಚು. ನಮ್ಮವರು ಮಾತ್ರ ಡಾಂಬರು ರಸ್ತೆಯಲ್ಲಿ 'ಬೇಟೆ ನಡೆದಿದೆ' ಎಂಬ ಹಲಗೆ ನೆಟ್ಟು, ಸೀಳಿನ ಮೇಲೆ ಅಜ್ಜಂದಿರ ಹಾಗೆಯೇ ಹೋಗಿ ಕೂರುತ್ತಿದ್ದರು. ಅಪ್ಪ ನೆಟ್ಟ ಆಲದ ಮರವೆಂದು ನೇಣು ಹಾಕಿಕೊಳ್ಳುವವರಿಗೆ ಬುದ್ಧಿ ಹೇಳುವವರು ಯಾರು?

ಆ ನವೆಂಬರಿನ ಬೆಳಿಗ್ಗೆ ನಿಲ್ದಾಣದ ಅಂಗಳದಲ್ಲಿ ಬೆಂಕಿ ಹಾಕಿ, ರೊಟ್ಟಿ ಚೂರು ಹುರಿದ ಮಿಗಾಸ್ ಮೇಲೆ ದ್ರಾಕ್ಷಿ ಉದುರಿಸಿಕೊಂಡು, ಎಲ್ಲರೂ ಒಂದೇ ಬಾಣಲೆಗೆ ಚಮಚ ಹಾಕಿದ್ದರು. ಲಂಬೆರ್ತೊ ಟೋಪಿಯೊಳಗೆ ಚೀಟಿ ಕಲಸಿ, ಯಾರು ಎಲ್ಲಿ ಕೂರಬೇಕೆಂದು ಎತ್ತಿಸುತ್ತಿದ್ದ.

"ಸೀಳಿನ ಚೀಟಿಗಳನ್ನ ತೆಗೆದು ಬೆಂಕಿಗೆ ಹಾಕು," ಎಂದಳು ಒರೊಸಿಯಾ. "ಇವತ್ತು ನೀವೆಸ್ ಬರ್ತಾಳೆ, ಗಂಡನ್ನ ಕರ್ಕೊಂಡು."

ನೀವೆಸ್ ಸಾರಗೋಸಾದವಳು. ಗಂಡ ಅನ್ಸೆಲ್ಮೊಗೆ ಕಣ್ಣು ಕಾಣದು. ಇಬ್ಬರೂ ತುಳಿಯುವ ಉದ್ದನೆಯ ಸೈಕಲ್ಲಿನಲ್ಲಿ ಮುಂದೆ ಅವಳು, ಹಿಂದೆ ಅವನು. ಗಾಡಿ ಓಡಾಡುವ ರಸ್ತೆಯಲ್ಲಿ ಅವನು ಹೆದರಿ ತುಳಿಯುವುದನ್ನೇ ನಿಲ್ಲಿಸುತ್ತಿದ್ದ. ಈ ಹಾದಿಯಲ್ಲಿ ಮಾತ್ರ ಗಟ್ಟಿಯಾಗಿ ಹಾಡಿಕೊಂಡು ತುಳಿಯುತ್ತಿದ್ದ. ಒರೊಸಿಯಾಳ ಒಲೆಯ ಮೇಲೆ ಏನಿದೆಯೆಂದು ಅಂಗಳದಿಂದಲೇ ಮೂಸಿ ಹೇಳುತ್ತಿದ್ದ. ಅವಳು ಬೈಯದ ಗಂಡಸು ಅವನೊಬ್ಬನೇ.

"ಭಾನುವಾರ ರೈಲಿಲ್ಲ," ಎಂದ ಲಂಬೆರ್ತೊ, ಟೋಪಿ ಅಲ್ಲಾಡಿಸುತ್ತ.

"ರೈಲಲ್ವೋ ಕತ್ತೆ! ಮನುಷ್ಯರು ಬರ್ತಾರೆ, ಮನುಷ್ಯರು!"

"ರಸ್ತೇಲಿ ಹಲಗೆ ನೆಟ್ಟಿದೀವಲ್ಲ, ಓದ್ಕೊಳ್ಳಿ."

"ಅವರು ರಸ್ತೇಲಿ ಬರಲ್ಲ ಕಣೋ, ಸುರಂಗದಿಂದ ಬರ್ತಾರೆ. ಅದ್ರಲ್ಲಿ ಒಬ್ಬನಿಗೆ ಕಣ್ಣೇ ಇಲ್ಲ."

"ಹಾಗಾದ್ರೆ ಹಲಗೆ ಎಲ್ಲಿದ್ರೇನು ಬಿಡು ಅವನಿಗೆ!"

ಬಾಣಲೆಯ ಸುತ್ತ ನಗುವೋ ನಗು. "ನೀನು ನಾಯಿ ನೋಡ್ಕೋ ತಂಗಿ," ಎಂದ ಲಂಬೆರ್ತೊ. "ಕೋವಿ ಎಲ್ಲಿಡಬೇಕು ಅನ್ನೋದನ್ನ ನಾನು ನೋಡ್ಕೋತೀನಿ." ಕೊನೆಗೆ ಉಳಿದ ಚೀಟಿ ಅವನದು, ಅದೂ ಸೀಳಿನದೇ.

ನೀವೆಸ್‌ಗೆ ಫೋನು ಮಾಡಿದರೆ ಬೆಟ್ಟದ ಮರೆಯಲ್ಲಿ ಸಿಗಲಿಲ್ಲ. ಆಗಲಿ, ನಾಯಿಗಳು ನನ್ನ ಕೈಯಲ್ಲೇ ಇವೆಯಲ್ಲ, ಅವರು ದಾಟಿ ಹೋಗುವತನಕ ಆಚೆ ಇಳಿಜಾರಿನಲ್ಲೇ ಆಡಿಸಿದರಾಯಿತು ಎಂದುಕೊಂಡು ಒರೊಸಿಯಾ ಹೊರಟಳು. ಹಂದಿಯನ್ನು ಕೇಳಿ ಲೆಕ್ಕ ಹಾಕಿದ್ದಳೇ?

ಮೊದಲನೆಯ ಹಂದಿ ಆಚೆ ಇಳಿಜಾರಿನಲ್ಲೇ ಎದ್ದಿತು. ಕಲ್ಲುಗೋಡೆಗೆ ಬೆನ್ನು ಕೊಟ್ಟು ನಿಂತು, ತಲೆ ಎತ್ತಿದ ಒಂದೇ ಹೊಡೆತಕ್ಕೆ ತುರ್ಕೊ ಎಂಬ ನಾಯಿಯ ಹೊಟ್ಟೆ ಬಗೆಯಿತು. ಒರೊಸಿಯಾ ಹಿಂದಿನಿಂದ ಬಿದ್ದು ಅದರ ಹಿಂಗಾಲು ಎತ್ತಿ, ಮುಂಗಾಲ ಸಂದಿಗೆ ಹಿಡಿಯತನಕ ಚೂರಿ ಇಳಿಸಿದಳು. ಬಿಸಿರಕ್ತ ಮೊಣಕೈವರೆಗೆ ಬಂತು. ತುರ್ಕೊನ ಕರುಳು ಒಳಗೆ ತಳ್ಳಿ, ಶಾಲಿನಿಂದ ಬಿಗಿದು ಕಟ್ಟುವಷ್ಟರಲ್ಲಿ ಅದರ ಉಸಿರು ನಿಂತಿತು. ಅಳುವುದಕ್ಕೂ ಬಿಡುವಿರಲಿಲ್ಲ. ಅದೇ ಪೊದೆಯಿಂದ ಇನ್ನೊಂದು, ಅದಕ್ಕಿಂತ ದೊಡ್ಡ ಗಂಡುಹಂದಿ, ಹೊರಬಿದ್ದು ನೇರ ಸೀಳಿನ ಕಡೆಗೇ ಓಡಿತು. ಹಿಂಡಿನ ಮುಂದಾಳು ಮೋರಾ, ಕರಿಯ ಹೆಣ್ಣುನಾಯಿ, ಅದರ ಬೆನ್ನಿಗೆ. ಉಳಿದವು ಮೋರಾಳ ಹಿಂದೆ.

ಒರೊಸಿಯಾ ಏದುಸಿರು ಬಿಡುತ್ತ ದಿಣ್ಣೆಯ ತುದಿಗೆ ಬಂದು ಕೆಳಗೆ ನೋಡಿದಳು. ಸುರಂಗದ ಬಾಯಿಂದ ಹಾಡು ಕೇಳುತ್ತಿತ್ತು. ಹಾಡಿನ ಹಿಂದೆಯೇ ಸೈಕಲ್ಲು ಬೆಳಕಿಗೆ ಬಂತು. ಎರಡೂ ದಂಡೆಯ ಮೇಲೆ ಕೋವಿಗಳು ಆಗಲೇ ಹೆಗಲಿಗೇರಿದ್ದವು. ಕೋವಿಯವರ ಕಣ್ಣೆಲ್ಲ ಸೀಳಿಗಿಳಿದ ಹಂದಿಯ ಮೇಲೆ. ಒಂದು ಗುಂಡು ಹಾರಿತು, ಜಲ್ಲಿ ಸಿಡಿಯಿತು. ನೀವೆಸ್ ಕಿರುಚಿದಳು.

ಒರೊಸಿಯಾ ಶಂಖ ಊದಿದಳು. ರಕ್ತ ಮೆತ್ತಿದ ಕೈಯಲ್ಲಿ ಅದು ಜಾರುತ್ತಿತ್ತು. ಎದೆಯಲ್ಲಿದ್ದ ಉಸಿರನ್ನೆಲ್ಲ ಅದಕ್ಕೆ ಹಾಕಿದಳು. ದಂಡೆಯುದ್ದಕ್ಕೂ ಕೋವಿಗಳು ಟಕಟಕ ಬಿಚ್ಚಿಕೊಂಡವು, ತೋಟಾಗಳು ಹೊರಬಿದ್ದವು. ನಾಯಿಗಳು ಗಕ್ಕನೆ ತಿರುಗಿದವು. ಹಂದಿಯ ಕಿವಿಗೆ ಆಗಲೇ ಹಲ್ಲು ಹಾಕಿದ್ದ ಮೋರಾಳೊಬ್ಬಳು ಬಿಡಲಿಲ್ಲ. ಲಂಬೆರ್ತೊ ಒಬ್ಬ ಕೋವಿ ಇಳಿಸಲಿಲ್ಲ. ಕೈಗೆ ಬಂದ ತುತ್ತು, ತನ್ನ ಅಪ್ಪಣೆಯಿಲ್ಲದೆ ಊದಿದ ತಂಗಿ, ಎರಡೂ ಸೇರಿ ಅವನ ಬೆರಳು ಬಿಗಿಯಿತು.

ಗುಂಡು ಮೋರಾಳ ಕುತ್ತಿಗೆ ಹರಿದುಕೊಂಡು ಹಂದಿಯ ಹೆಗಲಿಗೆ ಹೊಕ್ಕಿತು. ನೊಂದ ಹಂದಿ ಎದುರಿಗೆ ಸಿಕ್ಕಿದ್ದಕ್ಕೇ ನುಗ್ಗಿತು. ಸೈಕಲ್ಲು ಮಗುಚಿತು. ನೀವೆಸ್ ಚರಂಡಿಗೆ ಬಿದ್ದಳು. ಅನ್ಸೆಲ್ಮೊ ಚಕ್ರದ ಕೆಳಗೆ ಸಿಕ್ಕಿ, ಬರುತ್ತಿರುವುದು ಏನು, ಎಲ್ಲಿಂದ ಎಂದು ತಿಳಿಯದೆ ಎರಡೂ ಅಂಗೈ ಮುಂದೆ ಚಾಚಿದ. ಹಂದಿ ಆ ಕೈಗಳ ನಡುವೆಯೇ ತಲೆ ಹಾಕಿತು. ಒರೊಸಿಯಾ ದಂಡೆಯಿಂದ ಉರುಳಿಕೊಂಡೇ ಇಳಿದು, ಅವನ ಮೇಲಿದ್ದ ಹಂದಿಯ ಮೇಲೆ ಬಿದ್ದು, ಚೂರಿಯಿಂದ ಇರಿದಳು, ಮತ್ತೆ ಇರಿದಳು, ಅದು ಅಲುಗಾಡುವುದು ನಿಂತ ಮೇಲೂ ಇರಿದಳು.

"ನೀವೆಸ್," ಎಂದ ಅನ್ಸೆಲ್ಮೊ ಅಡಿಯಿಂದ, "ಇದು ನನ್ನ ರಕ್ತಾನಾ?"

"ಹಂದೀದು ಕಣಪ್ಪ," ಎಂದಳು ಒರೊಸಿಯಾ. ಅವನ ತೋಳಿನ ಮೂಳೆ ಮುರಿದಿತ್ತು, ಅಷ್ಟೇ.

ಲಂಬೆರ್ತೊ ದಡದಡ ಇಳಿದು ಬಂದ. "ಯಾರೇ ನಿನಗೆ ಊದು ಅಂದಿದ್ದು?" ಎಂದು ಕೋವಿಯ ಹಿಡಿಯಿಂದ ಅವಳ ಕೆನ್ನೆಗೆ ಬೀಸಿದ. ಒರೊಸಿಯಾ ಬಿದ್ದಳು, ಎದ್ದಳು. "ಶಂಖ ಕೂಗಿದ್ಮೇಲೆ ಹೊಡೆದ್ಯಲ್ಲೋ, ಅಪ್ಪನ ಹೆಸರು ಕೆಡಿಸಿದೋನೇ!" ಎಂದು ಕೈಲಿದ್ದ ಶಂಖವನ್ನೇ ಅವನ ಬಾಯಿಗೆ ಅಪ್ಪಳಿಸಿದಳು. ಅವನ ಮುಂದಿನ ಹಲ್ಲುಗಳು ಹೋದವು, ಶಂಖದ ಅಂಚೂ ಮುಕ್ಕಾಯಿತು. ಯಾರೂ ಬಿಡಿಸಲು ಬರಲಿಲ್ಲ. ಬಿಚ್ಚಿದ ಕೋವಿ ಮುಚ್ಚದೆ ಹಾಗೇ ನಿಂತು ನೋಡಿದರು.

ಬೇಟೆಯವರು ಸೇರಿ ಅವಳನ್ನು ಇನ್ನು ಕರೆಯುವುದಿಲ್ಲ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು. ಒರೊಸಿಯಾ ಮೋರಾಳನ್ನೂ ತುರ್ಕೊನನ್ನೂ ನಿಲ್ದಾಣದ ಹಿಂದೆ ಹೂಳಿದಳು. ಉಳಿದವು ಸರಪಳಿ ಕಡಿಯತೊಡಗಿದವು. ನೋಡಲಾರದೆ, ಬೇಟೆಗೆ ನಾಯಿಗಳನ್ನು ಒಯ್ಯಲು ಲಂಬೆರ್ತೊ ವ್ಯಾನು ಕಳಿಸಿದಾಗ ಒಂದೊಂದನ್ನೇ ತಾನೇ ಎತ್ತಿ ಹತ್ತಿಸಿದಳು. ಶಂಖ ಮಾತ್ರ ಕೊಡಲಿಲ್ಲ.

ಬೇಟೆಯವರು ಸೀಳು ಬಿಡಲಿಲ್ಲ. ಹಟ ಯಾರಪ್ಪನ ಮನೆಯದು? ಮುಂದಿನ ಭಾನುವಾರ ಒರೊಸಿಯಾ ಸುರಂಗದ ಬಾಯಿಗೆ ಹೋಗಿ ಕೂತಳು. ಒಳಗಿನಿಂದ ಯಾವುದೋ ಸೈಕಲ್ಲಿನ ಗಂಟೆ ಕೇಳಿದೊಡನೆ ಎದ್ದು ಊದಿದಳು. ಮುಕ್ಕಾದ ಶಂಖ ಗಂಟಲು ಕಟ್ಟಿದವರ ಹಾಗೆ ಕೂಗಿತು. ಆದರೂ ದಂಡೆಯ ಮೇಲಿನವರ ಕೈಗಳು ತಲೆಯನ್ನು ಕೇಳದೆ ಕೋವಿ ಬಿಚ್ಚಿದವು. ಗುಡ್ಡದಾಚೆಯಿಂದ ಅವಳ ನಾಯಿಗಳು, ಕುತ್ತಿಗೆಗೆ ಬೇರೆಯವರ ಪಟ್ಟಿ, ಹಂದಿಯನ್ನು ಬಿಟ್ಟು ಓಡಿಬಂದು ಅವಳನ್ನು ಕೆಡವಿ ಮುಖ ನೆಕ್ಕಿದವು. ಊರಿಗೆ ಊರೇ ಹೆದರುವ ಆ ಹೆಂಗಸು ನಾಯಿಗಳ ನಡುವೆ ಬಿದ್ದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಚಳಿಗಾಲವಿಡೀ ಪ್ರತಿ ಭಾನುವಾರವೂ ಇದೇ ಆಯಿತು. ಒಂದು ಹಂದಿಯೂ ಬೀಳಲಿಲ್ಲ.

ಕೊನೆಗೊಂದು ದಿನ ನಾಯಿಗಳನ್ನು ಕಟ್ಟಿ ಒಯ್ಯಲು ಲಂಬೆರ್ತೊ ಹಗ್ಗ ಹಿಡಿದು ತಾನೇ ಬಂದ.

"ಮುಂದಿನ ವಾರ," ಎಂದ. ಹೋದ ಹಲ್ಲುಗಳ ಸಂದಿಯಲ್ಲಿ ಗಾಳಿ ಸಿಳ್ಳೆ ಹಾಕಿತು. "ರೈಲು ಎಷ್ಟು ಹೊತ್ತಿಗೆ?"

"ಬೆಳಗಾದಾಗಿಂದ ಕತ್ತಲಾಗೋ ತನಕ."

ಅವನು ತಲೆಯಾಡಿಸಿ ಹಗ್ಗ ಎಳೆದ. ನಾಯಿಗಳು ಕದಲಲಿಲ್ಲ. "ಹೋಗ್ರೋ," ಎಂದಳು ಒರೊಸಿಯಾ, "ಹೋಗ್ರಪ್ಪಾ, ಕೆಲಸ ನೋಡ್ಕೊಳ್ಳಿ." ಆಗ ಹೋದವು.

ಮುಂದಿನ ಭಾನುವಾರ ಸೀಳಿನ ಮೇಲೆ ಒಬ್ಬನೂ ಕೂರಲಿಲ್ಲ. ಅನ್ಸೆಲ್ಮೊ ವಾಸಿಯಾದ ತೋಳಿನಲ್ಲಿ ಹಿಡಿಕೆ ಹಿಡಿದು, ಹಾಡಿಕೊಂಡು ಸುರಂಗ ದಾಟಿ ಬಂದ. ಶಂಖ ಊದಲು ಇನ್ನು ಕಾರಣವಿರಲಿಲ್ಲ, ಊದದೆ ನಾಯಿಗಳು ಬರುವುದಿಲ್ಲ. "ಬೆಳ್ಳುಳ್ಳಿ ಸೀದು ಹೋಗ್ತಿದೆ ಒರೊಸಿಯಾ," ಎಂದು ಅಂಗಳದಿಂದ ಅವನು ಕೂಗಿದ. ಅವಳು ಕಿಟಕಿಯ ಬಳಿ ನಿಂತು, ದೂರದ ಗುಡ್ಡದಲ್ಲಿ ಬೊಗಳುತ್ತಿದ್ದವುಗಳಲ್ಲಿ ಯಾವುದು ಯಾವುದೆಂದು ಹೆಸರು ಹಿಡಿದು ಗುರುತಿಸುತ್ತಿದ್ದಳು.